ಒಬ್ಬರ ಕೈಲೆ ಎಷ್ಟು ಹಳೆ ಗಾಡಿ ನಿಭಾಯ್ಸಾಕ ಆಗ್ತೈತಿ? ರಾಯಚೂರಿನ ಅಂಬಾಸಿಡರ್ ತರಬೇಕೋ ಬ್ಯಾಡೋ

ಮುನಿರಾಬಾದ್_ಪದ್ಮಿನಿ:

ಎಲ್ಲಾರಿಗೂ ನಮಸ್ಕಾರ್ರಿ. ಸೀದಾ ವಿಷಯಕ್ಕ ಬರ್ತೀನಿ. ಮನ್ಯಾಗ ಈಗ ಮೂರು ಹಳೆ ಗಾಡಿ ಅದಾವು. ಒಂದು ಪ್ರೀಮಿಯರ್ ಪದ್ಮಿನಿ, 1984ರದ್ದು, ಹ್ಯಾಂಡ್ ಗೇರಿಂದು (ಸ್ಟೇರಿಂಗ್ ಪಕ್ಕದಾಗ ಗೇರ್), ಅಪ್ಪಾಜಿ ತಗೊಂಡಿದ್ದು, ಚಾಲೂ ಐತಿ, ಹೊಸಪೇಟಿಗೆ ಹೋಗೋದು ಬರೋದು ಅದರಾಗ. ಎರಡನೇದು ಮಹೀಂದ್ರಾ ಎಂಎಂ540 ಜೀಪು, ಅದು ಪೂರಾ ಬಿಚ್ಚೈತಿ, ಬಾಡಿ ಶೆಡ್ಡಿನಾಗ ಗ್ವಾಡಿಗೆ ಆನಿಸೀನಿ, ಚಾಸಿ ಕಟ್ಟಿಗಿ ಮ್ಯಾಲೆ ಕುಂತೈತಿ, ಇಂಜಿನ್ ಬಳ್ಳಾರಿಗೆ ಬೋರಿಂಗಿಗೆ, ಅಂದ್ರ ಸವದ ಸಿಲಿಂಡರ್ ಕೊರೆಸಾಕ ಹೋಗೈತಿ. ಮೂರನೇದು ಯೆಜ್ಡಿ ರೋಡ್‌ಕಿಂಗ್, ಎರಡು ಸೈಲೆನ್ಸರಿಂದು, ಓಡ್ತೈತಿ, ಸಣ್ಣಪುಟ್ಟ ಕೆಲಸ ಉಳದಾವು.

ಈಗ ರಾಯಚೂರಾಗ ನಮ್ಮ ಮಾವನವರ ಪರಿಚಯದವರ ಹಿತ್ತಲದಾಗ ಒಂದು ಅಂಬಾಸಿಡರ್ ಮಾರ್ಕ್ 2 ನಿಂತೈತಿ, ಆರ್‌ಸಿ ಒಳಗ 1972 ಅಂತ ಬರದಾರ. ಹೋಗಿ ನೋಡಿ ಬಂದೆ. ಬೇವಿನ ಗಿಡದ ಕೆಳಗ ನಿಲ್ಸಿ ನಿಲ್ಸಿ ಬಾನೆಟ್ ಮ್ಯಾಲಿನ ಬಣ್ಣ ಪೂರಾ ಹೋಗೈತಿ, ಒಳಗ ಮ್ಯಾಟ್ ಎತ್ತಿ ನೋಡಿದ್ರ ಡ್ರೈವರ್ ಕಾಲ ಕೆಳಗಿನ ತಗಡು ಹಪ್ಪಳ ಆಗೈತಿ, ಬೆಟ್ಟು ಒತ್ತಿದ್ರ ಪುಡಿಪುಡಿ. ಆದ್ರ ಗ್ಲಾಸ್ ಒಂದೂ ಒಡದಿಲ್ಲ, ಕ್ರೋಮ್ ಪಟ್ಟಿ ಎಲ್ಲಾ ಅದಾವು, ಮೀಟರಿನ ಡಬ್ಬಿ ಹಂಗ ಐತಿ, ಇಂಜಿನ್ ಕೈಲೆ ತಿರುವಿದ್ರ ತಿರುಗ್ತೈತಿ, ಅಂದ್ರ ಜಾಮ್ ಆಗಿಲ್ಲ. ಆ ಮನಿಯವ್ರು ಹೇಳಿದ್ದು ಇಷ್ಟು: ಯುಗಾದಿ ಒಳಗ ಒಯ್ಯಿರಿ, ಇಲ್ಲಂದ್ರ ಗುಜರಿಯವ್ರಿಗೆ ಹೇಳೀವಿ, ಜಾಗ ಬೇಕಾಗೈತಿ.

ನಾನು ಗಂಗಾವತಿ ರೈಸ್ ಮಿಲ್ಲಿನಾಗ ಲೆಕ್ಕ ನೋಡ್ಕೋತೀನಿ, ಭಾನುವಾರ ಒಂದ ರಜಾ, ಸುಗ್ಗಿ ಶುರು ಆದ್ರ ಅದೂ ಇಲ್ಲ. ಮನ್ಯಾಗ ಬ್ಯಾಡ ಅಂದಿಲ್ಲ, ಆದ್ರ "ಜೀಪು ಮುಗಿಸ್ರಿ ಮೊದಲ" ಅಂತ ಒಂದ ಮಾತು ಅಂದಾರ, ಅದು ಖರೇನೂ ಐತಿ. ಗುಜರಿಯವ್ರು ಅದನ್ನ ಗ್ಯಾಸ್ ಕಟರ್ ಹಚ್ಚಿ ಕೊಯ್ಯೋದು ನೆನೆಸ್ಕೊಂಡ್ರ ರಾತ್ರಿ ನಿದ್ದಿ ಬರವಲ್ದು. ದುಡ್ಡು ಹೆಂಗೋ ಹೊಂದಿಸ್ತೀನಿ. ನಾ ಕೇಳಾಕ ಹತ್ತಿದ್ದು ಬ್ಯಾರೆ, ನೌಕರಿ, ಮನಿ, ಮಕ್ಕಳು ಎಲ್ಲಾ ಇಟ್ಕೊಂಡು ಒಬ್ಬ ಮನಷ್ಯಾ ಖರೇಖರೇ ಎಷ್ಟು ಗಾಡಿ ನೋಡ್ಕೋಬಹುದು? ಮಾಡಿದವ್ರು ಹೇಳ್ರಿ.

ಕೌಲ್‌ಬಜಾರ್_ಪಾನಾ:

ಅಣ್ಣ, ನಂದು ಬಳ್ಳಾರಿ, ಗ್ಯಾರೇಜ್ ಐತೆ, ಹಳೆ ಫಿಯೆಟ್ಟು ಅಂಬಾಸಿಡರ್ರು ಇವತ್ತಿಗೂ ಬರ್ತಾವೆ. ನನ್ನ ಲೆಕ್ಕ ಹೇಳ್ತೀನಿ ಕೇಳಿ. ಚಾಲೂ ಇರೋ ಗಾಡಿ ಮೂರು ನಾಕು ಇದ್ರೂ ಒಬ್ಬರು ನೋಡ್ಕೋಬಹುದು, ಆದ್ರೆ ಬಿಚ್ಚಿರೋ ಗಾಡಿ ಒಂದೇ ಇರ್ಬೇಕು. ಎರಡನೇದು ಬಿಚ್ಚಿದ್ರಿ ಅಂದ್ರೆ ಎರಡೂ ನಿಂತ್ಕೋತಾವೆ, ಇದನ್ನ ನಾನು ನಮ್ಮ ಗಿರಾಕಿಗಳ ಹತ್ರ ನೋಡ್ತಾನೇ ಇದೀನಿ.

ಯಾಕೆ ಅಂದ್ರೆ ಬಿಚ್ಚಿದ ಗಾಡಿ ಅಂದ್ರೆ ನಿಮ್ಮ ಒಬ್ರ ಕೆಲಸ ಅಲ್ಲ. ಬೋರಿಂಗ್‌ನವ್ನು ಒಬ್ಬ, ಲೇತಿನವ್ನು ಒಬ್ಬ, ಟಿಂಕರ್ ಒಬ್ಬ, ಪೇಂಟರ್ ಒಬ್ಬ, ವೈರಿಂಗಿನವ್ನು ಒಬ್ಬ, ಸೀಟ್ ಹೊಲಿಯೋನು ಒಬ್ಬ, ಇವ್ರಲ್ಲಿ ಯಾರಿಗೂ ಹಳೆ ಗಾಡಿ ಅರ್ಜೆಂಟ್ ಅಲ್ಲ, ದಿನಾ ಬರೋ ಲಾರಿ ಟ್ರ್ಯಾಕ್ಟರ್ ಬಿಟ್ಟು ನಿಮ್ದು ಮುಟ್ಟಲ್ಲ, ನೀವೇ ಫೋನ್ ಮಾಡಿ, ಹೋಗಿ ಪಕ್ಕದಲ್ಲಿ ನಿಂತು ಮಾಡಿಸ್ಬೇಕು. ಒಂದು ಗಾಡಿಗೆ ಹೀಗೆ ಬೆನ್ನು ಹತ್ತಬಹುದು. ಎರಡಕ್ಕೆ ಭಾನುವಾರ ಸಾಲಲ್ಲ.

ಇನ್ನೊಂದು, ನಮ್ಮ ಕಡೆ ಧೂಳು. ಸಂಡೂರು, ತೋರಣಗಲ್ಲು ಕಡೆ ಅದಿರು ಲಾರಿ ಓಡೋ ರೋಡಿನ ಹತ್ರ ಶೆಡ್ ಇದ್ರೆ ಕೆಂಪು ಧೂಳು ಎಲ್ಲೆಲ್ಲೂ ಕೂತ್ಕೋತದೆ, ಅದು ಗ್ರೀಸಿಗೆ ಅಂಟಿದ್ರೆ ಬೇರಿಂಗ್ ತಿನ್ನೋಕೆ ಬೇರೆ ಏನೂ ಬೇಡ. ನಿಮ್ಮ ಜೀಪಿನ ಗೇರ್‌ಬಾಕ್ಸ್, ಆಕ್ಸಲ್ ಬಾಯಿ ತೆಗೆದಿದ್ರೆ ಇವತ್ತೇ ಪ್ಲಾಸ್ಟಿಕ್ ಸುತ್ತಿ ಕಟ್ಟಿ. ಬಾಡಿಗೆ ಬರೀ ಪ್ರೈಮರ್ ಹೊಡೆದು ಬಿಟ್ಟಿದೀರಾ? ಹಂಗಿದ್ರೆ ಮಳೆಗಾಲದ ಒಳಗೆ ಮೇಲಿನ ಕೋಟ್ ಹಾಕ್ಸಿ, ಪ್ರೈಮರ್ ನೀರು ತಡೆಯಲ್ಲ, ಒಳಗಿಂದ ಒಳಗೇ ತುಕ್ಕು ಹಿಡಿತದೆ, ಮೇಲೆ ಚೆನ್ನಾಗೇ ಕಾಣ್ತಿರ್ತದೆ.

ಅಂಬಾಸಿಡರ್ ವಿಷಯ. ಡ್ರೈವರ್ ಕಾಲ ಕೆಳಗೆ ತೂತು ಅಂದ್ರಿ, ಅದನ್ನ ಹಗುರ ತಗೋಬೇಡಿ. ಜೀಪಿಗೆ ಚಾಸಿ ಬೇರೆ ಬಾಡಿ ಬೇರೆ, ಬಾಡಿ ಹೋದ್ರೆ ಬೇರೆ ಕೂರಿಸ್ಬಹುದು. ಅಂಬಾಸಿಡರ್ರು, ಪದ್ಮಿನಿ ಹಂಗಲ್ಲ, ಬೇರೆ ಚಾಸಿ ಇಲ್ಲ, ಬಾಡಿನೇ ಭಾರ ಹೊರಬೇಕು. ಅದರಲ್ಲೂ ಅಂಬಾಸಿಡರ್ ಮುಂದಿನ ಸಸ್ಪೆನ್ಶನ್ ಟಾರ್ಶನ್ ಬಾರ್‌ದು, ಅಂದ್ರೆ ತಿರುಚಿಕೊಂಡು ಸ್ಪ್ರಿಂಗ್ ಕೆಲಸ ಮಾಡೋ ಉದ್ದ ರಾಡು, ಅದರ ಹಿಂದಿನ ತುದಿ ಮುಂದಿನ ಸೀಟಿನ ಕೆಳಗಿರೋ ಅಡ್ಡ ಮೆಂಬರಿಗೆ (ಅಡ್ಡ ತೊಲೆಗೆ) ಕಚ್ಕೊಂಡಿರ್ತದೆ. ತೂತು ಬರೀ ಪೆಡಲ್ ಹತ್ರ ಇದ್ರೆ ತಗಡು ಕಟ್ ಮಾಡಿ ವೆಲ್ಡ್ ಮಾಡಿದ್ರೆ ಮುಗೀತು. ತುಕ್ಕು ಆ ಅಡ್ಡ ಮೆಂಬರ್ ತನಕ ಬಂದಿದ್ರೆ, ಬಾಗಿಲ ಕೆಳಗಿನ ಸಿಲ್ ಒಳಗೂ ಹೋಗಿದ್ರೆ, ಅದು ದೊಡ್ಡ ಕೆಲಸ. ಮತ್ತೆ ಹೋದಾಗ ಒಂದು ಸ್ಕ್ರೂಡ್ರೈವರ್ ತಗೊಂಡು ಮಲಗಿ ಕೆಳಗಿಂದ ಚುಚ್ಚಿ ನೋಡಿ, ಠಣ್ ಅಂದ್ರೆ ಸರಿ, ಒಳಗೆ ಹೋದ್ರೆ ಕೈ ಮುಗಿದು ಬಂದ್ಬಿಡಿ.

ಸಿರುಗುಪ್ಪ_ಜೀಪು:

ನಾನು ಒಪ್ಪಂಗಿಲ್ಲ ಮೇಲಿನವ್ರ ಮಾತನ್ನ ಪೂರ್ತಿ. ಬಿಚ್ಚೋದು ಒಂದೇ ಇರ್ಲಿ ಅನ್ನೋದು ಸರಿ, ಆದ್ರೆ ತರೋಕೂ ಬಿಚ್ಚೋಕೂ ಸಂಬಂಧ ಇಲ್ವಲ್ಲ ಅಣ್ಣ. ಮಾರ್ಕ್ 2 ಇನ್ಮೇಲೆ ಯಾರೂ ಮಾಡಲ್ಲ, ಉತ್ತರಪಾರಾ ಫ್ಯಾಕ್ಟರಿಲಿ ಅಂಬಾಸಿಡರ್ ನಿಂತಿದ್ದೇ 2014ರಲ್ಲಿ, ಮಾರ್ಕ್ 2 ಅಂತೂ ಅದಕ್ಕಿಂತ ಎಷ್ಟೋ ಹಿಂದಿನದು. ಗ್ಲಾಸು ಕ್ರೋಮು ಎಲ್ಲಾ ಕೂಡಿ ಇರೋ ಗಾಡಿ ಬಿಟ್ರೆ ಆಮೇಲೆ ಅವನ್ನೇ ಬಿಡಿಬಿಡಿಯಾಗಿ ಹುಡುಕೋಕೆ ಹೈದರಾಬಾದ್ ತನಕ ಹೋಗ್ತೀರಿ. ತಂದು ಇಟ್ಕೊಳ್ಳಿ, ಮುಟ್ಟಬೇಡಿ. ಜಾಗ ಮತ್ತೆ ಸೂರು ಇದ್ರೆ ಸಾಕು.

ಆದ್ರೆ ಸುಮ್ನೆ ನಿಲ್ಸೋದಲ್ಲ, ಹೆಂಗೆ ನಿಲ್ಸೋದು ಅನ್ನೋದು ಮುಖ್ಯ. ಟ್ಯಾಂಕಿನ ಪೆಟ್ರೋಲ್ ಪೂರ್ತಿ ಇಳಿಸಿ, ಈಗ ಬಂಕಿನಲ್ಲಿ ಬರೋದ್ರಲ್ಲಿ 20% ಎಥನಾಲ್ ಐತೆ, ಅದು ನೀರು ಎಳ್ಕೋತದೆ, ನಿಂತ ಗಾಡಿಲಿ ನೀರು ಕೆಳಗೆ ಕೂತು ಟ್ಯಾಂಕ್ ತಿಂತದೆ, ಹಳೆ ರಬ್ಬರ್ ಪೈಪು, ಪಂಪಿನ ಡಯಾಫ್ರಮ್ ಎಲ್ಲಾ ಊದ್ಕೋತಾವೆ. ಪ್ಲಗ್ ತೆಗೆದು ಒಂದೊಂದು ಸಿಲಿಂಡರಿಗೆ ಎರಡು ಚಮಚ ಇಂಜಿನ್ ಆಯಿಲ್ ಬಿಟ್ಟು ಕೈಲಿ ತಿರುಗಿಸಿ ಮತ್ತೆ ಪ್ಲಗ್ ಹಾಕಿ. ನಾಕೂ ಕಡೆ ಸ್ಟ್ಯಾಂಡ್ ಕೊಟ್ಟು ಗಾಲಿ ಎತ್ತಿ. ಬ್ಯಾಟರಿ ಇದ್ರೆ ತೆಗೆದಿಡಿ. ಹ್ಯಾಂಡ್‌ಬ್ರೇಕ್ ಎಳೆದು ಬಿಡಬೇಡಿ, ಶೂ ಡ್ರಮ್ಮಿಗೆ ಅಂಟ್ಕೋತದೆ. ಪ್ಲಾಸ್ಟಿಕ್ ತಾಡಪತ್ರಿ ಮೈಗೆ ಮುಚ್ಚೋದಂತೂ ಮಾಡ್ಲೇಬೇಡಿ, ಬೆವರು ಒಳಗೇ ನಿಲ್ತದೆ, ಹತ್ತಿ ಬಟ್ಟೆ ಹಾಕಿ.

ಮತ್ತೆ ಇಲಿ. ನೀವೂ ಭತ್ತದ ಸೀಮೆನೇ, ನಿಮಗೆ ಗೊತ್ತು. ಕೊಯ್ಲು ಮುಗಿದು ಗದ್ದೆ ಖಾಲಿ ಆದ ಕೂಡ್ಲೇ ಇಲಿ ಎಲ್ಲಾ ಮನೆ ಕಡೆ ಬರ್ತಾವೆ, ಬೆಚ್ಚಗಿರೋ ಜಾಗ ಅಂದ್ರೆ ಸೀಟಿನ ಒಳಗಿನ ನಾರು. ನಮ್ಮ ಜೀಪಿನ ವೈರಿಂಗ್ ಪೂರಾ ಕಡಿದಿದ್ವು. ಸೈಲೆನ್ಸರ್ ಬಾಯಿಗೆ, ಏರ್ ಕ್ಲೀನರ್ ಬಾಯಿಗೆ ತಂತಿ ಜಾಲಿ ಹಾಕಿ, ಬಾನೆಟ್ ವಾರಕ್ಕೊಮ್ಮೆ ತೆಗೀರಿ, ಗಾಡಿ ಹತ್ರ ಭತ್ತದ ಚೀಲ ಇಡಬೇಡಿ.

ಕೌಲ್‌ಬಜಾರ್_ಪಾನಾ:

ಸಿರುಗುಪ್ಪ ಅಣ್ಣ ಹೇಳಿದ ನಿಲ್ಸೋ ಪದ್ಧತಿ ಸರಿಯಾಗೈತೆ, ಅದಕ್ಕೆ ನಂದು ತಕರಾರಿಲ್ಲ. ಆದ್ರೆ ಒಂದು ಸೇರಿಸ್ತೀನಿ, ಗಾಡಿ ಜಾತಿ ಬೇರೆ ಬೇರೆ ಆದಷ್ಟೂ ಭಾರ ಜಾಸ್ತಿ. ಪದ್ಮಿನಿ ಫಿಯೆಟ್ ಮೂಲದ್ದು, ನಟ್ಟು ಬೋಲ್ಟು ಎಲ್ಲಾ ಎಂಎಂ, ಅಂದ್ರೆ ಮಿಲಿಮೀಟರ್ ಅಳತೆದು. ಅಂಬಾಸಿಡರ್ ಮಾರಿಸ್ ಆಕ್ಸ್‌ಫರ್ಡ್ ಮೂಲದ್ದು, ಅದಕ್ಕೆ ಇಂಚಿನ ಪಾನಾ ಬೇಕು. ಎಂಎಂ540 ಅಮೆರಿಕದ ವಿಲ್ಲೀಸ್ ಜೀಪಿನ ವಂಶ ಅಂತ ಬಾಡಿ ಚಾಸಿ ಕಡೆ ಇಂಚು, ಇಂಜಿನ್ ಪೂಜೋ ಡೀಸೆಲ್ ಆಗಿದ್ರಿಂದ ಅದು ಎಂಎಂ. ಇಂಚಿನ ಬೋಲ್ಟಿಗೆ ಎಂಎಂ ಪಾನಾ ಹಾಕಿ ತಿರುವಿದ್ರೆ ಮೂಲೆ ಉರುಟಾಗ್ತದೆ, ಆಮೇಲೆ ವೆಲ್ಡಿಂಗ್ ಹಚ್ಚಿ ತೆಗೀಬೇಕು. ಟೈರೂ ಅಷ್ಟೇ, ಪದ್ಮಿನಿಗೆ 5.20-14, ಅಂಬಾಸಿಡರ್‌ಗೆ 5.90-15, ಒಂದರ ಸ್ಟೆಪ್ನಿ ಇನ್ನೊಂದಕ್ಕೆ ಬರಲ್ಲ. ಹಿಂಗಾಗಿ ಪದ್ಮಿನಿ ಜೊತೆ ಇನ್ನೊಂದು ಪದ್ಮಿನಿ ತಂದ್ರೆ ಅರ್ಧ ಗಾಡಿ ಭಾರ, ಅಂಬಾಸಿಡರ್ ತಂದ್ರೆ ಪೂರ್ತಿ ಒಂದೂವರೆ ಗಾಡಿ ಭಾರ ಅಂತ ನಾನು ಹೇಳೋದು.

ರಾಯಚೂರು_ಆರ್‌ಸಿಬುಕ್:

ಎಲ್ಲರೂ ತಗಡು ಇಂಜಿನ್ ಮಾತಾಡ್ಲಿಕ್ಕೆ ಹತ್ತೀರಿ, ಕಾಗದದ ಬಗ್ಗೆ ಯಾರೂ ಕೇಳವಲ್ರಿ. ಆರ್‌ಸಿ ಯಾರ ಹೆಸರಿಲೆ ಅದ ರೀ? ಅವ್ರು ಇದ್ದಾರೇನು?

ತೀರಿಕೊಂಡಿದ್ರ ಮೊದಲು ವಾರಸುದಾರರ ಹೆಸರಿಗೆ ಆಗಬೇಕು, ಅದಕ್ಕ ಫಾರಂ 31, ಮರಣ ಪ್ರಮಾಣಪತ್ರ, ಉಳಿದ ಮಕ್ಕಳ ಒಪ್ಪಿಗಿ. ಆಮೇಲೆ ನಿಮಗ ಮಾರೋದು ಫಾರಂ 29, 30. ಅಣ್ಣತಮ್ಮಂದಿರೊಳಗ ಒಬ್ಬಾವ ಸಹಿ ಹಾಕಲ್ಲ ಅಂದ್ರೂ ಗಾಡಿ ನಿಮ್ಮ ಶೆಡ್ಡಿನಾಗ ಇರ್ತದ, ನಿಮ್ಮ ಹೆಸರಿಲೆ ಇರಂಗಿಲ್ಲ. ಹಳೆ ಪುಸ್ತಕದ ಆರ್‌ಸಿ ಇದ್ರ ಅದು ಆನ್‌ಲೈನ್‌ದಾಗ ಏರೈತೇನು ನೋಡಿಸ್ರಿ, ಕೆಎ ಬರೋಕಿಂತ ಮೊದಲಿನ ನಂಬರ್ ಇದ್ರ ಅಂತೂ ಆರ್‌ಟಿಒದಾಗ ಹೋಗಿ ಕೇಳೋದೇ ಒಳ್ಳೇದು. ಆರ್‌ಸಿ ಒಳಗಿನ ಚಾಸಿ ನಂಬರು ಗಾಡಿ ಮ್ಯಾಲಿನ ಪ್ಲೇಟಿಗೆ ಕೂಡ್ತದೇನು ನೀವ ಕಣ್ಣಾರೆ ನೋಡ್ರಿ, ಫೋಟೋ ತಗೀರಿ.

ಖರ್ಚಿನ ಮಾತು. ಪ್ರೈವೇಟ್ ಗಾಡಿಗೆ 15 ವರ್ಷ ಆದ ಮ್ಯಾಲೆ ಐದೈದು ವರ್ಷಕ್ಕ ನವೀಕರಣ. ಕಾರಿಗೆ ಮೊದಲು 600 ರೂಪಾಯಿ ಇತ್ತು, 2022ರ ಏಪ್ರಿಲ್‌ಗೆ 5,000 ಆಯ್ತು, 2025ರ ಆಗಸ್ಟ್‌ದಾಗ 20 ವರ್ಷ ದಾಟಿದ ಕಾರಿಗೆ 10,000 ಮಾಡ್ಯಾರ, ಬೈಕಿಗೆ 2,000. ನಿಮ್ಮ ಪದ್ಮಿನಿ, ಜೀಪು, ಯೆಜ್ಡಿ ಎಲ್ಲಾಕೂ ಇದು ಬರ್ತದ, ಇನ್ಶೂರೆನ್ಸ್ ಬ್ಯಾರೆ. ನವೀಕರಣಕ್ಕ ಗಾಡಿ ಇನ್‌ಸ್ಪೆಕ್ಟರ್ ಮುಂದ ನಿಲ್ಸಬೇಕು, ಬಿಚ್ಚಿಟ್ಟ ಜೀಪು ಹೆಂಗ ನಿಲ್ಸ್ತೀರಿ? ಅದರ ತಾರೀಖು ಯಾವಾಗ ಮುಗೀತದ ಮೊದಲು ನೋಡ್ಕೊಳ್ರಿ.

1972ರದ್ದು ಅಂದ್ರ 50 ವರ್ಷ ದಾಟೈತಿ, ವಿಂಟೇಜ್ ನೋಂದಣಿನೂ ಮಾಡಿಸಬಹುದು, 2021ರ ನಿಯಮ ಅದು, ನಂಬರಿನಾಗ ವಿಎ ಅಂತ ಬರ್ತದ, ಮೊದಲನೇ ಸಲ 20,000 ರೂಪಾಯಿ, ಹತ್ತು ವರ್ಷಕ್ಕ. ಆದ್ರ ಅದನ್ನ ದಿನಾ ಓಡಿಸೋಹಂಗಿಲ್ಲ, ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸೋದು ಇಂಥಾದ್ದಕ್ಕ ಮಾತ್ರ, ಮತ್ತ ಚಾಸಿ, ಬಾಡಿ, ಇಂಜಿನ್ ಮೂಲದ್ದ ಇರಬೇಕು. ಮನಿ ಮಂದಿ ಕೂಡ್ಕೊಂಡು ಗವಿಮಠದ ಜಾತ್ರಿಗೆ ಹೋಗ್ಬೇಕು ಅಂದ್ರ ಸಾದಾ ನವೀಕರಣನ ಮಾಡಿಸ್ರಿ.

ಮುನಿರಾಬಾದ್_ಪದ್ಮಿನಿ:

ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಆರ್‌ಸಿ ಆ ಮನಿ ಅಜ್ಜಾರ ಹೆಸರಿಲೆ ಐತಿ, ಅವ್ರು ಈಗ ಇಲ್ಲ, ಮಕ್ಕಳು ಮೂರು ಮಂದಿ, ಒಬ್ರು ಪುಣೆದಾಗ ಅದಾರ. ಜೀಪಿನ ನವೀಕರಣ ಇನ್ನೂ ಟೈಮ್ ಐತಿ. ಬಾಡಿ ಬರೀ ಪ್ರೈಮರ್ ಒಳಗ ಐತಿ ಖರೆ, ಮಳಿಗಾಲದೊಳಗ ಬಣ್ಣ ಹೊಡಿಸ್ತೀನಿ. ಇನ್ನೊಂದು ಕೇಳೋದು ಐತಿ, ಚಾಲೂ ಇರೋ ಗಾಡಿಗೆ ಏನ್ ದೊಡ್ಡ ಕೆಲಸ ಇರಂಗಿಲ್ಲ ಅಂತ ನನ್ನ ಲೆಕ್ಕ, ಅದು ಸರಿ ಐತೇನು?

ಕೌಲ್‌ಬಜಾರ್_ಪಾನಾ:

ಸರಿ ಇಲ್ಲ ಅಣ್ಣ. ಓಡೋ ಗಾಡಿ ಓಡ್ತಾನೇ ಇರ್ಬೇಕು, ಅದೇ ಕೆಲಸ. ಬ್ರೇಕ್ ಆಯಿಲ್ ನೀರು ಎಳ್ಕೋತದೆ, ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸ್ಬೇಕು, ಇಲ್ಲಾಂದ್ರೆ ವೀಲ್ ಸಿಲಿಂಡರ್ ಜಾಮ್. ಟೈರಿನ ಮೇಲೆ ನಾಕು ಅಂಕಿ ಇರ್ತದೆ, ಮೊದಲೆರಡು ವಾರ, ಕೊನೆ ಎರಡು ವರ್ಷ, ಅದು ನೋಡಿ, ಗೆರೆ ಚೆನ್ನಾಗಿದ್ರೂ ನಮ್ಮ ಬಿಸಿಲಿಗೆ ಪಕ್ಕ ಸೀಳ್ತಾವೆ. ಕಿಡಿ ಹೊಡೆಸೋ ಪಾಯಿಂಟಿನ ಗ್ಯಾಪ್, ಕಿಂಗ್‌ಪಿನ್ ಗ್ರೀಸು, ಕಾರ್ಬೊರೇಟರ್ ಜೆಟ್ ಇವು ಮುಗಿಯೋ ಕೆಲಸ ಅಲ್ಲ. ಮೇ ತಿಂಗಳಲ್ಲಿ 42 ಡಿಗ್ರಿ ಬಿಸಿಲಲ್ಲಿ ಪದ್ಮಿನಿ ಸಿಗ್ನಲ್ಲಲ್ಲಿ ನಿಂತು ಮತ್ತೆ ಚಾಲೂ ಆಗ್ಲಿಲ್ಲ ಅಂದ್ರೆ ಪಂಪಿನಲ್ಲಿ ಪೆಟ್ರೋಲ್ ಆವಿ ಆಗಿರ್ತದೆ, ಪಂಪಿನ ಮೇಲೆ ಹಸಿ ಬಟ್ಟೆ ಸುತ್ತಿ ಹತ್ತು ನಿಮಿಷ ಬಿಟ್ರೆ ಹೊರಡ್ತದೆ. ಇಷ್ಟು ಗೊತ್ತಿರೋ ಒಬ್ಬರಿಗೆ ಮೂರು ಚಾಲೂ ಗಾಡಿ ಅಂದ್ರೆ ಭಾನುವಾರ ಬೆಳಗ್ಗೆ ಪೂರ್ತಿ ಹೋಯ್ತು.

ಅಪ್ಪನ_ಹೆರಾಲ್ಡ್:

ನಾನು ರಾಯಚೂರಿನಾಕಿ. ನನ್ನ ಮಾತು ಸ್ವಲ್ಪ ಬ್ಯಾರೆ ಇರ್ತದ, ಯಾಕಂದ್ರ ನಾನು ಗಾಡಿ ಕೂಡಿಸಿದಾಕಿ ಅಲ್ಲ, ಕೂಡಿಸಿಟ್ಟ ಗಾಡಿ ನನ್ನ ಪಾಲಿಗೆ ಬಂದವು.

ಅಪ್ಪ ಹೋದಾಗ ಶೆಡ್ಡಿನಾಗ ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್, ಒಂದು ಫಿಯೆಟ್, ಒಂದು ಲ್ಯಾಂಬ್ರೆಟ್ಟಾ ಸ್ಕೂಟರ್, ಮೂರೂ ಬಿಚ್ಚಿದ್ದವು. ಸಾಮಾನೆಲ್ಲಾ ಡಬ್ಬಿಯೊಳಗ. ಕೆಲವು ಡಬ್ಬಿ ಮ್ಯಾಲೆ ಪೆನ್ಸಿಲ್‌ಲೆ "ಎಡ ಮುಂದಿನ ಗಾಲಿ" ಅಂತ ಅಪ್ಪ ಬರದಿದ್ರು, ಅವು ಕೂಡಿಸ್ಲಿಕ್ಕೆ ಏನೂ ತ್ರಾಸ ಆಗ್ಲಿಲ್ಲ. ಉಳಿದ ಡಬ್ಬಿಯೊಳಗ ಮೂರೂ ಗಾಡಿ ಬೋಲ್ಟು, ವಾಶರ್, ಸ್ಪ್ರಿಂಗ್ ಕೂಡಿ ಬಿದ್ದಿದ್ವು, ಯಾವುದು ಯಾವುದರದು ಅಂತ ಅಪ್ಪಗ ಮಾತ್ರ ಗೊತ್ತಿತ್ತು. ಮೇಸ್ತ್ರಿ ಬಂದು ನೋಡಿ "ಅಕ್ಕಾ, ಗಾಡಿ ಕೂಡಿಸಬಹುದು, ಈ ಡಬ್ಬಿ ಕೂಡಿಸಾಕ ಆಗಂಗಿಲ್ಲ" ಅಂದ. ಹೆರಾಲ್ಡ್ ನಾ ಇಟ್ಕೊಂಡೆ, ಅದರ ಚಾಸಿ ಬ್ಯಾರೆ ಇರೋದ್ರಿಂದ ಬಾಡಿ ಎತ್ತಿ ಕೆಲಸ ಮಾಡ್ಲಿಕ್ಕೆ ಸರಳ ಆಯ್ತು, ಬಾನೆಟ್ ರೆಕ್ಕಿ ಸಮೇತ ಮುಂದಕ್ಕ ಬಾಗ್ತದಲ್ಲ, ಇಂಜಿನ್ ಪಕ್ಕ ಗಾಲಿ ಮ್ಯಾಲೆ ಕುಂತ್ಕೊಂಡ ಕೆಲಸ ಮಾಡಬಹುದು, ನನಗ ಅದು ಭಾಳ ಸೇರ್ತು. ಫಿಯೆಟ್ ಲಿಂಗಸುಗೂರಿನ ಒಬ್ಬ ಹುಡುಗಗ ಕೊಟ್ಟೆ, ಅವನ ಹತ್ರ ಅದೇ ಗಾಡಿ ಇನ್ನೊಂದಿತ್ತು. ಸ್ಕೂಟರ್ ಇನ್ನೂ ಅದ.

ಅದಕ್ಕ ನಾ ಹೇಳೋದು, ನಾಳೆ ನಿಮಗ ಜಡ್ಡು ಬಂತು, ಬ್ಯಾರೆ ಊರಿಗೆ ವರ್ಗ ಆಯ್ತು ಅನ್ಕೊಳ್ರಿ, ಮನಿಯೊಳಗ ಇರೋರಿಗೆ ಅಥವಾ ಒಬ್ಬ ಹೊಸ ಮೇಸ್ತ್ರಿಗೆ ನಿಮ್ಮ ಜೀಪು ಕೂಡಿಸ್ಲಿಕ್ಕೆ ಬರ್ತದೇನು? ಬರ್ತದ ಅನ್ನೋಹಂಗ ನೀವು ಎಷ್ಟು ಗಾಡಿ ಇಡಬಹುದು, ಅಷ್ಟ ಇಡ್ರಿ. ಬಿಚ್ಚೋಕಿಂತ ಮೊದಲು ಫೋಟೋ, ಆಮೇಲೆ ಒಂದೊಂದು ಭಾಗದ್ದು ಒಂದೊಂದು ಚೀಲ, ಚೀಟಿ ಕಟ್ಟಿ. ನಾನು ಬಳ್ಳಾರಿ ಜೀನ್ಸ್ ಹೊಲಿಯೋ ಮಂದಿ ಹತ್ರ ಕಟಿಂಗ್ ಬಟ್ಟಿ ತರಿಸಿ ಸಣ್ಣ ಚೀಲ ಹೊಲಿಸೀನಿ, ಗಟ್ಟಿ ಇರ್ತಾವ, ಆಯಿಲ್ ಹತ್ತಿದ್ರೂ ಹರಿಯಂಗಿಲ್ಲ, ಪ್ಲಾಸ್ಟಿಕ್ ಚೀಲದಾಗ ಇಟ್ರ ಬೋಲ್ಟಿಗೆ ನೀರು ಹನೀತದ, ಇದರಾಗ ಇಲ್ಲ. ಪೇಂಟ್ ಮಾರ್ಕರ್‌ಲೆ ಮ್ಯಾಲೆ ಬರೀರಿ. ಒಂದು ನೋಟ್‌ಬುಕ್ ಇಡ್ರಿ, ಯಾವ ಭಾಗ ಯಾರ ಹತ್ರ ಕೊಟ್ಟೀರಿ, ಎಷ್ಟು ಅಡ್ವಾನ್ಸ್ ಕೊಟ್ಟೀರಿ ಎಲ್ಲಾ. ನಿಮ್ಮ ಜೀಪಿನ ಇಂಜಿನ್ ಬಳ್ಳಾರಿಯೊಳಗ ಯಾವ ಬೋರಿಂಗಿನಾಗ ಅದ ಅಂತ ನಿಮ್ಮ ಮನಿಯವ್ರಿಗೆ ಗೊತ್ತದೇನು?

ಅಂಬಾಸಿಡರ್ ತರಬ್ಯಾಡ್ರಿ ಅಂತ ನಾ ಅನ್ನಂಗಿಲ್ಲ. ಮೂರು ಮಕ್ಕಳ ಸಹಿ ಸಿಗ್ತಾವ, ಕೆಳಗ ಆ ಅಡ್ಡ ಮೆಂಬರ್ ಗಟ್ಟಿ ಅದ, ಸೂರು ಅದ ಅಂದ್ರ ತರ್ರಿ. ಇಲ್ಲಂದ್ರ ಗುಜರಿಗೇ ಹೋಗಬೇಕು ಅಂತೇನಿಲ್ಲ, ನೀವ ತಗೋಬೇಕು ಅಂತನೂ ಇಲ್ಲ, ಈ ಕಡೆ ಅಂಬಾಸಿಡರ್ ಬೇಕು ಅನ್ನೋರು ಇದ್ದಾರ, ಅವ್ರಿಗೆ ಆ ಮನಿಯವ್ರ ಕೂಡ ಮಾತಾಡ್ಸಿ ಕೊಟ್ರೂ ಗಾಡಿ ಉಳೀತದ.

ಮುನಿರಾಬಾದ್_ಪದ್ಮಿನಿ:

ಅಕ್ಕಾರ, ನೀವು ಕೇಳಿದ್ದು ಓದಿ ಹೋಗಿ ಮನಿಯವ್ರನ್ನ ಕೇಳಿದೆ, ಇಂಜಿನ್ ಬಳ್ಳಾರಿಯೊಳಗ ಐತಿ ಅನ್ನೋದು ಗೊತ್ತೈತಿ, ಎಲ್ಲಿ ಅಂತ ಗೊತ್ತಿಲ್ಲ. ಇವತ್ತ ನೋಟ್‌ಬುಕ್ ಶುರು ಮಾಡೀನಿ, ಮಗಳು ಬರಿಯಾಕತ್ಯಾಳ.

ಹಿಂಗ ಅನ್ಕೊಂಡೀನಿ. ಈ ಭಾನುವಾರ ಸ್ಕ್ರೂಡ್ರೈವರ್ ಒಯ್ದು ಕೆಳಗ ಮಲಗಿ ನೋಡ್ತೀನಿ. ಮೆಂಬರ್ ಗಟ್ಟಿ ಇದ್ದು ಮೂರೂ ಮಂದಿ ಒಪ್ಪಿದ್ರ ತರ್ತೀನಿ, ಸಿರುಗುಪ್ಪ ಅಣ್ಣಾರು ಹೇಳಿದಂಗ ನಿಲ್ಸ್ತೀನಿ, ಜೀಪು ರೋಡಿಗೆ ಬರೂತನಕ ಅದಕ್ಕ ಪಾನಾ ಹಚ್ಚಂಗಿಲ್ಲ. ಯೆಜ್ಡಿ ನಮ್ಮ ತಮ್ಮಗ ಕೊಡ್ತೀನಿ, ಅವ ಕೇಳಾಕ ಹತ್ತಿ ಭಾಳ ದಿನ ಆತು. ಮೆಂಬರ್ ಹೋಗಿದ್ರ ಇಲ್ಲೇ ಫೋಟೋ ಹಾಕ್ತೀನಿ, ಬೇಕಾದವ್ರು ಬಿಡಿಭಾಗಕ್ಕಾದ್ರೂ ಒಯ್ಯಿರಿ, ಆ ಗ್ಲಾಸು ಕ್ರೋಮು ಕಟರಿಗೆ ಹೋಗೋದು ಬ್ಯಾಡ. ತರೋದು ಆದ್ರ ರಾಯಚೂರಿಂದ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳಕೊಂಡು ಬರಬಹುದಾ?

ಕೌಲ್‌ಬಜಾರ್_ಪಾನಾ:

ಹಗ್ಗ ಬೇಡವೇ ಬೇಡ. ಅಷ್ಟು ವರ್ಷ ನಿಂತ ಗಾಡಿಗೆ ಬ್ರೇಕ್ ಇರಲ್ಲ, ಇಳಿಜಾರಲ್ಲಿ ಟ್ರ್ಯಾಕ್ಟರಿಗೇ ಬಂದು ಬಡಿತದೆ. ಕಾರು ಹೊರೋ ಕ್ಯಾರಿಯರ್ ಸಿಗ್ಲಿಲ್ಲಾಂದ್ರೆ ತಗ್ಗಿರೋ ಡಾಲಾ (ಸಾಮಾನು ಹಾಕೋ ಹಿಂಭಾಗ) ಇರೋ ಗಾಡಿ ಮಾಡಿ, ಹತ್ತಿಸೋಕೆ ರ‍್ಯಾಂಪ್ ಬೇಕು ಅಂತ ಮೊದ್ಲೇ ಹೇಳಿ. ಹೋಗೋವಾಗ ಗಾಳಿ ಪಂಪ್ ಮತ್ತೆ ನಾಕು ಹಳೆ ಟ್ಯೂಬ್ ತಗೊಂಡ್ಹೋಗಿ, ಗಾಲಿ ಉರುಳಿದ್ರೆ ತಾನೇ ಹತ್ತಿಸೋದು. ಹಿಂದಿನ ಡ್ರಮ್ ಅಂಟಿರ್ತದೆ, ಹ್ಯಾಂಡ್‌ಬ್ರೇಕ್ ಕೇಬಲ್ ಕಳಚಿ ಡ್ರಮ್ಮಿನ ಅಂಚಿಗೆ ಸುತ್ತ ಮರದ ಸುತ್ತಿಗೆಲಿ ತಟ್ಟಿ, ಬಿಡ್ತದೆ. ಮೇಲೆ ಕಟ್ಟೋವಾಗ ಬೆಲ್ಟ್ ಆಕ್ಸಲ್ಲಿಗೆ ಹಾಕ್ಸಿ, ಬಂಪರಿಗೆ ಬೇಡ. ಹೋದ ದಿನ ಕೆಳಗಿನ ಫೋಟೋ ಹಾಕಿ, ನಾನು ನೋಡಿ ಹೇಳ್ತೀನಿ.